ನಾಲ್ಕು ಬೆರಳ ಜಾಗ

ತಾಲ್ಕಾವಾನೊದ ಹಡಗುಕಟ್ಟೆಯಲ್ಲಿ
ಮೂವತ್ತೊಂದು ವರ್ಷ ಕಬ್ಬಿಣ ಕೂಡಿಸಿದವನು ನಾನು.
ಕೂಡಿಸುವುದಷ್ಟೇ ಗೊತ್ತಿತ್ತು.
ಬೇರೆ ಮಾಡುವ ಕೆಲಸ ಬಂದದ್ದು ಹೋದ ಆಗಸ್ಟಿನ ಚಳಿಗೆ,
ಅದೂ ಬೆಕ್ಕುಗಳ ದೆಸೆಯಿಂದ.

ಬೆಕ್ಕುಗಳು ಎದುವಿನಾಳವು, ನನ್ನವಲ್ಲ.
ಇದನ್ನು ಐದರ ಎದುರಿಗೂ ಹಲವು ಸಲ ಹೇಳಿದ್ದೇನೆ.
ಹೇಳುವಾಗ ಒಂದಲ್ಲ ಒಂದು
ನನ್ನ ತೊಡೆಯ ಮೇಲಿರುತ್ತಿತ್ತು.

ಡಾಕ್ಟರ್ ಯೆಸೇನಿಯಾ, ಇನ್ನೂ ಹುಡುಗಿ, ಮೂಗಿಗೆ ಬೆಳ್ಳಿ ಚುಕ್ಕಿ,
ಒಂದು ಹನಿ ರಕ್ತ ಬಿಟ್ಟು ಹತ್ತು ನಿಮಿಷ ಕಾದಳು.
ಸಣ್ಣ ಕಿಟಕಿಯಲ್ಲಿ ಎರಡು ಗೆರೆ.
ಸಿಕ್ಕಿಬಿದ್ದವನು ಕೊಚಾಯುಯೊ:
ಕಡಲಪಾಚಿಯ ಬಣ್ಣ, ಹರಿದ ಎಡಗಿವಿ,
ಮೀನಿನಂಗಡಿಯ ಹಿಂದೆ ಒಡಕು ಬುಟ್ಟಿಯಲ್ಲಿ
ತಮ್ಮನೊಡನೆ ಸಿಕ್ಕವನು.

ಬೆಕ್ಕಿನ ಲ್ಯುಕೇಮಿಯಾ, ಅಂದಳು.
ನಿಮಗೆ ಅಂಟುವುದಿಲ್ಲ, ನಾಯಿಗೂ ಇಲ್ಲ.
ಬೆಕ್ಕಿಂದ ಬೆಕ್ಕಿಗೆ, ಹೆಚ್ಚಾಗಿ ಎಂಜಲಿನಿಂದ:
ಒಂದೇ ಬಟ್ಟಲು, ಒಂದೇ ನೀರು,
ಒಬ್ಬರ ಕಿವಿ ಒಬ್ಬರು ನೆಕ್ಕುವುದು.

ಅಂದರೆ ಪ್ರೀತಿಯಿಂದ, ಅಂದಳು ಎದುವಿನಾ.
ಡಾಕ್ಟರು ಅಲ್ಲವೆನ್ನಲಿಲ್ಲ.

ಹಿತ್ತಲ ನನ್ನ ಕೆಲಸದ ಕೋಣೆ ಖಾಲಿಯಾಯಿತು.
ಬಟ್ಟಲುಗಳಿಗೆ ಬಣ್ಣ ಬಂತು, ಅವನಿಗೆ ಕೆಂಪು, ನಾಲ್ವರಿಗೆ ಹಸಿರು.
ಮೊದಲು ನಾಲ್ವರ ಊಟ, ಆಮೇಲೆ ಅವನದು,
ಆಮೇಲೆ ಸೋಪು, ಮೊಣಕೈವರೆಗೆ.
ಹೇಡಿ ವೈರಸ್ಸಂತೆ ಇದು,
ಹೊರಗೆ ಬಿದ್ದರೆ ಹೊತ್ತು ಕಳೆಯುವುದರೊಳಗೆ ಒಣಗಿ ಸಾಯುತ್ತದೆ,
ಬೆಚ್ಚಗಿನ ಮೈಯೊಂದೇ ಅದಕ್ಕೆ ಊರು.
ನಾಲ್ವರಿಗೂ ಲಸಿಕೆ, ಮೂರು ವಾರಕ್ಕೆ ಇನ್ನೊಂದು.
ಫ್ರಿಜ್ಜಿನ ಬಾಗಿಲಲ್ಲಿ ಎದುವಿನಾಳ ಪಟ್ಟಿ:
ತೂಕ, ಜ್ವರ, ತಿಂದದ್ದೆಷ್ಟು, ಒಸಡಿನ ಬಣ್ಣ.
ಒಸಡು ಬಿಳಿಚಿದರೆ ನಡುರಾತ್ರಿಯಾದರೂ ಫೋನು.
(ನಲವತ್ತು ವರ್ಷದಲ್ಲಿ ನನ್ನ ಒಸಡು
ಅವಳು ನೋಡಿದ್ದು ನೆನಪಿಲ್ಲ.)

ಮೂವರು ಮರೆತರು.
ತಮ್ಮ ಮರೆಯಲಿಲ್ಲ. ಅವನ ಹೆಸರು ಪಿನ್ಯೇನ್,
ಅಂದರೆ ನಮ್ಮ ಕಡೆ ಉಜ್ಜಿದರೂ ಹೋಗದ ಮೈಕೊಳೆ.
ಬಾಗಿಲಡಿಗೆ ಪಂಜ ತೂರಿಸಿ ಮಲಗಿದ.
ಒಳಗಿಂದ ಇನ್ನೊಂದು ಪಂಜ.
ಇಡೀ ರಾತ್ರಿ ಅದೇ ರಾಗ, ಗೋಡೆಯಾಚೆಯ
ದೋನ್ ಹೆರಿಬೆರ್ತೊ ಕೂಡ ಎದ್ದು ಬೈದ.

ಮರದ ಬಾಗಿಲು ಕಿತ್ತು ಜಾಲರಿ ಬೆಸೆದೆ.
ಜಾಲರಿಗೆ ನಾಲಿಗೆ ತಾಗುತ್ತದೆ, ಅಂದಳು ಡಾಕ್ಟರ್.
ಹಾಗಾಗಿ ಎರಡು ಜಾಲರಿ,
ನಡುವೆ ನಾಲ್ಕು ಬೆರಳ ಜಾಗ. ಅಳತೆ ನನ್ನದೇ ಕೈ.
ಬೆಸುಗೆಯೆಂದರೆ ಎರಡು ಒಂದಾಗುವುದು.
ಎರಡನ್ನು ಎರಡಾಗಿಯೇ ಇಡಲು
ಕಿಡಿ ಹಾರಿಸಿದ್ದು ಅದೇ ಮೊದಲು.

ಆಚೆ ಒಬ್ಬ, ಈಚೆ ಒಬ್ಬ,
ಸೆರೆಮನೆಯ ಭೇಟಿಯ ಹೊತ್ತಿನಂತೆ
ಸುಮ್ಮನೆ ಕೂತಿರುತ್ತಿದ್ದರು.

ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ.
ಮೂರಕ್ಕೆ ಒಂದೇ ಗೆರೆ.
ಪಿನ್ಯೇನನಿಗೆ ಎರಡು.
ಕಾನ್ಸೆಪ್ಸಿಯೋನಿನ ಲ್ಯಾಬೂ ವಾರ ಬಿಟ್ಟು ಅದನ್ನೇ ಬರೆಯಿತು.
ಮೊದಲ ಪರೀಕ್ಷೆಗೆ ಕಾಣದೆ ಒಳಗೇ ಇದ್ದಿರಬೇಕು,
ಬುಟ್ಟಿಯ ದಿನಗಳಿಂದಲೇ, ಅಂದಳು ಡಾಕ್ಟರ್, ಮೆಲ್ಲಗೆ.

ಎದುವಿನಾ ಬಸ್ಸಿನಲ್ಲಿ ಅತ್ತಳು.
ಹೇಳಲು ನಾಚಿಕೆ:
ಕಿಟಕಿಯ ಗಾಜಿನಲ್ಲಿ ಕಂಡ ನನ್ನ ಮುಖ
ನಗುತ್ತಿತ್ತು.

ಕೋಟು ಬಿಚ್ಚದೆ ಎರಡೂ ಚಿಲಕ ತೆಗೆದೆ.
ಮೊದಲು ಬುಸುಗುಟ್ಟಿದರು, ಗುರುತಿಲ್ಲದವರಂತೆ,
ಬಾಲ ಬಾಟಲಿ ತೊಳೆಯುವ ಬ್ರಷ್ಷಾಯಿತು.
ಆಮೇಲೆ ಅಣ್ಣ ಬಗ್ಗಿ
ತಮ್ಮನ ಕಿವಿಯಿಂದ ಶುರುಮಾಡಿದ,
ಎರಡು ತಿಂಗಳ ಬಾಕಿ ಕೆಲಸ.
ಹಸಿರು ಬಟ್ಟಲೊಂದಕ್ಕೆ ಕೆಂಪು ಬಳಿದೆ.
ಅವರು ಇಬ್ಬರೂ ಒಂದರಲ್ಲೇ ತಿಂದರು.

ಈಗ ಮಾರ್ಚಿ. ಎಷ್ಟು ವರ್ಷವೆಂದು
ಡಾಕ್ಟರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.
ಪಟ್ಟಿಯಲ್ಲಿ ಕೊಚಾಯುಯೊನ ತೂಕ ಮುನ್ನೂರು ಗ್ರಾಂ ಇಳಿದಿದೆ.
ಸಂಜೆ ನನ್ನ ಹಳೆಯ ಮಣೆಯ ಮೇಲೆ ಕೂರುತ್ತೇನೆ,
ಒಬ್ಬ ತೊಡೆಯಲ್ಲಿ, ಒಬ್ಬ ಬೂಟಿನ ಮೇಲೆ,
ತುಟಿಯೆತ್ತಿ ನೋಡುತ್ತೇನೆ: ಇವತ್ತಿಗೆ ಗುಲಾಬಿ.

ರೊಸಾಮೆಲ್, ಕೈ ತೊಳೆದೆಯಾ?
ತೊಳೆದೆ.
ಉಳಿದ ಮೂವರು ಬಂದು ನನ್ನ ಬೆರಳು ಮೂಸುತ್ತಾರೆ,
ಬರೀ ಸೋಪಿನ ವಾಸನೆ,
ಅದಕ್ಕೇ ಇನ್ನಷ್ಟು ಅನುಮಾನ.